ಎಲೀಯನನ್ನು ಸಾಯಿಸುವ ವ್ಯಾಖ್ಯಾನಕಾರರು

ಬೈಬಲಿನ ಪ್ರವಾದಿ ಎಲೀಯ ಬೆಂಕಿಯ ರಥವೇರಿ ಸ್ವರ್ಗಕ್ಕೆ ಹೋದ ಎಂಬುದು ಸಂಡೇ ಸ್ಕೂಲಿನ ಮಕ್ಕಳಿಗೂ ಗೊತ್ತು. ಚಿತ್ರಕಾರರು ಶತಮಾನಗಳಿಂದ ಅವನನ್ನು ಆ ರಥದಲ್ಲೇ ಕೂರಿಸಿದ್ದಾರೆ. ಎರಡನೆಯ ಅರಸುಗಳು ಗ್ರಂಥದ 2ನೆಯ ಅಧ್ಯಾಯ ಮಾತ್ರ ಹಾಗೆ ಹೇಳುವುದಿಲ್ಲ. ಅಲ್ಲಿ ರಥವೂ ಕುದುರೆಗಳೂ ಎಲೀಯ ಮತ್ತು ಅವನ ಶಿಷ್ಯ ಎಲೀಷನ ನಡುವೆ ನುಗ್ಗಿ ಇಬ್ಬರನ್ನೂ ಅಗಲಿಸುತ್ತವೆ. ಎಲೀಯ ಮೇಲಕ್ಕೇರುವುದು ಸುಳಿಗಾಳಿಯಲ್ಲಿ. ರಥಕ್ಕೆ ಸಿಕ್ಕ ಕೀರ್ತಿ ಅತಿಯಾಯಿತು. ಆ ಬೆಳಕಿನಲ್ಲಿ ಕಥನದ ನಿಜವಾದ ಕುಶಲತೆ ಯಾರ ಕಣ್ಣಿಗೂ ಬೀಳದೆ ಹೋಯಿತು.

ಇದಕ್ಕಿಂತ ದೊಡ್ಡ ಅನ್ಯಾಯ ಮಾಡಿದವರು ಎಲೀಯನನ್ನು ಹೇಗಾದರೂ ಸಾಯಿಸಲೇಬೇಕೆಂದು ಹೊರಟ ವ್ಯಾಖ್ಯಾನಕಾರರು. ಸ್ವರ್ಗದಿಂದ ಇಳಿದುಬಂದ ಮನುಷ್ಯಕುಮಾರನ ಹೊರತು ಬೇರಾರೂ ಅಲ್ಲಿಗೆ ಏರಿಲ್ಲ ಎಂದು ಯೋಹಾನನ ಸುವಾರ್ತೆ (3:13) ಹೇಳುತ್ತದಲ್ಲ, ಅದೇ ಇವರ ಮುಖ್ಯ ಆಧಾರ. ಹಾಗಾಗಿ ಸುಳಿಗಾಳಿ ಎಲೀಯನನ್ನು ಆಕಾಶದ ಮೂಲಕ ಒಯ್ದು ಬೇರೆಲ್ಲೋ ಇಳಿಸಿತು, ಅಲ್ಲಿ ಅವನು ಬಾಳಿ ಸತ್ತ ಎನ್ನುತ್ತಾರೆ. ತಾಲ್ಮುದಿನಲ್ಲಿ ರಬ್ಬಿ ಯೋಸೆ ಕೂಡ ಎಲೀಯ ಮೇಲಣ ಲೋಕಕ್ಕೆ ಏರಲಿಲ್ಲ ಎಂದೇ ವಾದಿಸಿದ್ದಾನೆ. ಎಲೀಯನಂತೆಯೇ ಸಾಯದೆ ಹೋದನೆನ್ನಲಾದ ಆದಿಕಾಂಡದ ಹನೋಕನೂ ಅಕಾಲದಲ್ಲಿ ಸತ್ತನೆಂಬುದು ಯೆಹೂದಿ ವ್ಯಾಖ್ಯಾನಕಾರ ರಾಶಿಯ ಮತ.

ಎಲೀಯ ಬೇರೆಲ್ಲೋ ಇಳಿದನೆಂಬ ವಾದಕ್ಕೆ ಉತ್ತರ ಎರಡನೆಯ ಅರಸುಗಳ ಅದೇ ಅಧ್ಯಾಯದಲ್ಲಿ ಮುಂದೆ ಇದೆ. ಎಲೀಯ ಮರೆಯಾದ ಮೇಲೆ ಯೆರಿಕೋವಿನ ಪ್ರವಾದಿಮಂಡಲಿಯವರು ಎಲೀಷನ ಬಳಿ ಬರುತ್ತಾರೆ. ದೇವರ ಆತ್ಮ ಗುರುವನ್ನು ಯಾವುದಾದರೂ ಬೆಟ್ಟದ ಮೇಲೋ ಕಣಿವೆಯಲ್ಲೋ ಬಿಟ್ಟಿರಬಹುದು, ಹುಡುಕಿಸೋಣ ಎನ್ನುತ್ತಾರೆ. ಎಲೀಷ ಬೇಡವೆನ್ನುತ್ತಾನೆ. ಅವನು ನಾಚುವಷ್ಟು ಒತ್ತಾಯಿಸಿದಾಗ ಒಪ್ಪುತ್ತಾನೆ. ಐವತ್ತು ಮಂದಿ ಮೂರು ದಿನ ಹುಡುಕಿ ಬರಿಗೈಯಲ್ಲಿ ಮರಳುತ್ತಾರೆ. ಹೋಗಬೇಡಿರೆಂದು ಮೊದಲೇ ಹೇಳಿದೆನಲ್ಲ ಎಂಬುದಷ್ಟೇ ಎಲೀಷನ ಮಾತು.

ಎಲೀಯ ಬೇರೆಲ್ಲೋ ಇಳಿದಿರಬೇಕೆಂಬ ಊಹೆ ನಮ್ಮ ವ್ಯಾಖ್ಯಾನಕಾರರ ಶೋಧವಲ್ಲ. ಕಥೆಗಾರನೇ ಅದನ್ನು ಪಾತ್ರಗಳ ಬಾಯಲ್ಲಿ ಆಡಿಸಿ, ಪರೀಕ್ಷೆಗೊಡ್ಡಿ, ಸೋಲಿಸಿದ್ದಾನೆ. ಹುಡುಕಿದವರು ದಡ್ಡರೂ ಅಲ್ಲ. ದೇವರಾತ್ಮ ಎಲೀಯನನ್ನು ಎಲ್ಲಿಗೋ ಎತ್ತಿಕೊಂಡು ಹೋದೀತೆಂಬ ಅಂಜಿಕೆಯನ್ನು ಅರಮನೆಯ ಮೇಲ್ವಿಚಾರಕ ಓಬದ್ಯನೂ ಹಿಂದೆ ತೋಡಿಕೊಂಡಿದ್ದ. ಕಥೆಗಾರ ಆ ಅನುಮಾನವನ್ನು ಗೌರವದಿಂದ ಒಳಗೆ ಕರೆದು, ಮೂರು ದಿನ ಕಾಲಾವಕಾಶ ಕೊಟ್ಟು, ಶವವಿಲ್ಲ, ಸಮಾಧಿಯಿಲ್ಲ ಎಂದು ಖಚಿತಪಡಿಸುತ್ತಾನೆ. ಬೈಬಲಿನಲ್ಲಿ ಅದ್ಭುತವೊಂದನ್ನು ಇಷ್ಟು ಎಚ್ಚರದಿಂದ ಕಾಯ್ದ ಕಥನಗಳು ವಿರಳ.

ಯೆಹೂದದ ಅರಸ ಯೆಹೋರಾಮನಿಗೆ ಎಲೀಯನಿಂದ ಪತ್ರ ಬಂತೆಂದು ಎರಡನೆಯ ಪೂರ್ವಕಾಲವೃತ್ತಾಂತ (21:12) ಹೇಳುವುದು ತೊಡಕಿನ ಸಂಗತಿಯೇ ಹೌದು. ಯೆಹೋರಾಮನ ತಂದೆ ಯೆಹೋಷಾಫಾಟನ ಕಾಲಕ್ಕೇ ಎಲೀಷ ಗುರುವಿನ ಸ್ಥಾನದಲ್ಲಿ ನಿಂತಿದ್ದ. ಆದರೆ ಪತ್ರ ಬರೆದದ್ದು ಯಾವಾಗೆಂದು ಆ ಗ್ರಂಥ ಹೇಳುವುದಿಲ್ಲ. ಎಲೀಯ ಅಲ್ಲಿ ಕಾಣಿಸಿಕೊಳ್ಳುವುದೂ ಈ ಒಂದೇ ಕಡೆ. ಅಷ್ಟರ ಮೇಲೆ ಅವನಿಗೊಂದು ಅಜ್ಞಾತವಾಸ ಕಟ್ಟುವುದು ವ್ಯಾಖ್ಯಾನವಲ್ಲ, ಹೊಸ ಕಥೆ.

ಹನೋಕನ ಪಾಡೂ ಇದೇ. ಆದಿಕಾಂಡದ 5ನೆಯ ಅಧ್ಯಾಯದಲ್ಲಿ ಒಬ್ಬೊಬ್ಬರ ಆಯುಸ್ಸು ಹೇಳಿ ಸತ್ತನೆಂದು ಮುಗಿಸುವುದು ಪದ್ಧತಿ. 962 ವರ್ಷದ ಯೆರೆದ ಸತ್ತ, 969 ವರ್ಷದ ಮೆತೂಷೆಲಹ ಸತ್ತ. ಇಬ್ಬರ ನಡುವೆ 365 ವರ್ಷದ ಹನೋಕನಿಗೆ ಮಾತ್ರ ಆ ಮುಗಿತಾಯವಿಲ್ಲ. ದೇವರು ಅವನನ್ನು ಕರೆದುಕೊಂಡ. ಹನೋಕ ಸಾವು ಕಾಣಲಿಲ್ಲವೆಂದು ಇಬ್ರಿಯರಿಗೆ ಬರೆದ ಪತ್ರಿಕೆ (11:5) ಬಿಡಿಸಿಯೇ ಹೇಳುತ್ತದೆ. ಇವರೆಲ್ಲ ಸತ್ತರೆಂಬ 13ನೆಯ ವಚನವನ್ನು ತೋರಿಸಿ ಅದನ್ನು ತಳ್ಳಿಹಾಕುವವರು, ಪತ್ರ ಬರೆದವನು ಎಂಟೇ ವಚನಗಳಲ್ಲಿ ತನ್ನ ಮಾತು ಮರೆತನೆಂದು ನಂಬಬೇಕಾಗುತ್ತದೆ. ಅಲ್ಲಿನ ಪ್ರಸಂಗ ಅಬ್ರಹಾಮನ ಮನೆತನದ್ದು. ಯೋಹಾನನ ಸುವಾರ್ತೆಯ ಮಾತೂ ಯೇಸು ನಿಕೊದೇಮನೊಡನೆ ನಡೆಸಿದ ಸಂವಾದದ್ದು: ಪರಲೋಕದ ಸಂಗತಿಗಳನ್ನು ಕಂಡು ಬಂದು ತಿಳಿಸಬಲ್ಲವರು ಯಾರೆಂಬುದು ಅಲ್ಲಿನ ಪ್ರಶ್ನೆ. ಎಲೀಯನ ಹಾಜರಿ ತೆಗೆಯುವುದು ಅದರ ಉದ್ದೇಶವಲ್ಲ.

ಎಲೀಯ ಒಮ್ಮೆ ಅಡವಿಯಲ್ಲಿ ಗಿಡವೊಂದರ ಕೆಳಗೆ ಕುಳಿತು ಸಾವನ್ನು ಬೇಡಿದ್ದವನು. ಬೇಡಿದ ಸಾವನ್ನು ದೇವರು ಅವನಿಗೆ ಕೊಡಲೇ ಇಲ್ಲ ಎಂಬುದರಲ್ಲಿ ಅವನ ಇಡೀ ಬದುಕಿನ ಅರ್ಥವಿದೆ. ಅವನನ್ನು ಗುಟ್ಟಾಗಿ ಸಾಯಿಸಿದರೆ ಆ ಅರ್ಥವೇ ಕುಸಿಯುತ್ತದೆ. ಸಾಯದೆ ಸ್ವರ್ಗ ಸೇರುವುದು ಸಾಧ್ಯವೆಂದು ನಂಬುವುದೂ ಬಿಡುವುದೂ ಓದುಗರಿಗೆ ಸೇರಿದ್ದು. ಬೈಬಲಿನ ಕಥೆಗಾರ ಸಾಧ್ಯವೆಂದೇ ಬರೆದಿದ್ದಾನೆ, ಅನುಮಾನಿಸುವವರನ್ನು ಎದುರಿಗಿಟ್ಟುಕೊಂಡೇ ಬರೆದಿದ್ದಾನೆ. ಆ ಮಾತನ್ನು ತಿದ್ದುವ ಅಧಿಕಾರ ವ್ಯಾಖ್ಯಾನಕಾರರಿಗಿಲ್ಲ.