ಬೆಳಕಿಂಡಿ ಯಾರ ಹೊತ್ತಿಗೆ?

ಚಿತ್ರಶಾಲೆಗೆ ಸೂರ್ಯನ ಬೆಳಕೇ ಶ್ರೇಷ್ಠ ಎಂದು ಪಂಡಿತರು ಹೇಳುತ್ತಾರೆ. ಸುಳ್ಳಲ್ಲ. ಆದರೆ ಸೂರ್ಯ ಇರುವ ಹೊತ್ತಿನಲ್ಲಿ ದುಡಿಯುವ ಜನ ಎಲ್ಲಿರುತ್ತಾರೆ? ಇದನ್ನು ಅವರು ಕೇಳುವುದಿಲ್ಲ. ನಾವು ಕೇಳೋಣ.

ಲಂಡನ್ನಿನ ಡಲ್ವಿಚ್‌ನಲ್ಲಿ ಜಾನ್ ಸೋನ್ ರೂಪಿಸಿದ ಚಿತ್ರಶಾಲೆ 1817ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಅಲ್ಲಿ ಬೆಳಕು ಬರುವುದು ಚಾವಣಿಯ ಮೇಲೆ ಎತ್ತಿ ಕಟ್ಟಿದ ಗಾಜಿನ ಗೂಡುಗಳಿಂದ. ಲೆಕ್ಕ ಸರಳ. ಗೋಡೆಗೆ ಕಿಟಕಿ ಇಟ್ಟರೆ ಚಿತ್ರ ತೂಗುಹಾಕೋ ಜಾಗ ಹೋಗುತ್ತೆ. ಎದುರು ಕಿಟಕಿಯ ಬೆಳಕು ತೈಲಚಿತ್ರದ ಮೆರುಗಿಗೆ ಬಡಿದು ನೋಡುವವನ ಕಣ್ಣಿಗೇ ವಾಪಸ್ಸು ಬರುತ್ತೆ. ಬಣ್ಣ ಕಾಣಲ್ಲ, ಕಿಟಕಿ ಕಾಣುತ್ತೆ. ಮೇಲಿನಿಂದ ಓರೆಯಾಗಿ ಬಿದ್ದ ಬೆಳಕಿನ ಹೊಳಪು ನೆಲದ ಕಡೆ ಇಳಿದುಹೋಗುತ್ತೆ.

ಜಾಣ ಕೆಲಸ, ಒಪ್ಪೋಣ. ಆದರೆ ಬಾಗಿಲ ಕತೆ ಕೇಳಿ. ಮೊದಲ ದಶಕಗಳಲ್ಲಿ ಒಳಹೋಗಲು ಚೀಟಿ ಬೇಕಿತ್ತು. ಚೀಟಿಗೆ ಕಾಸಿಲ್ಲ, ನಿಜ. ಆದರೆ ಅದು ಸಿಗುತ್ತಿದ್ದುದು ಲಂಡನ್ ಪೇಟೆಯ ಚಿತ್ರವ್ಯಾಪಾರಿಗಳ ಅಂಗಡಿಯಲ್ಲಿ. ಡಲ್ವಿಚ್‌ನಲ್ಲಿ ಕೊಡುತ್ತಲೇ ಇರಲಿಲ್ಲ. ಸೂರ್ಯನಿಗೆ ಚಾವಣಿ ತೆರೆದವರು ಊರವರಿಗೆ ಬಾಗಿಲು ತೆರೆಯಲಿಲ್ಲ.

ಇದೇ ಲಂಡನ್ನಿನಲ್ಲಿ 1857ರಲ್ಲಿ ಸೌತ್ ಕೆನ್ಸಿಂಗ್‌ಟನ್ ಮ್ಯೂಸಿಯಂ ಶುರುವಾಯಿತು. ಇಂದಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಅದೇ. ಅಲ್ಲಿನ ಶೀಪ್‌ಶ್ಯಾಂಕ್ಸ್ ಚಿತ್ರಶಾಲೆಗೂ ಹಗಲಲ್ಲಿ ಮೇಲಿನ ಬೆಳಕೇ. ಆದರೆ ಹೆನ್ರಿ ಕೋಲ್ ಬೆಳಕಿಂಡಿಯ ಕೆಳಗೆ ಗ್ಯಾಸ್ ದೀಪಗಳ ಸಾಲನ್ನೂ ಹಾಕಿಸಿದ. ಕೆಲಸ ಮುಗಿಸಿದ ಕೂಲಿಕಾರ ಸಂಜೆ ಹೆಂಡತಿ ಮಕ್ಕಳೊಂದಿಗೆ ಬರಲಿ ಎಂದು! ಗ್ಯಾಸಿನಿಂದ ಚಿತ್ರ ಹಾಳಾಗುತ್ತೆ ಎಂಬ ಕೂಗೆದ್ದಿತು. ಮೈಕಲ್ ಫ್ಯಾರಡೆ ಇದ್ದ ಸಮಿತಿ 1859ರಲ್ಲಿ ಪರೀಕ್ಷೆ ಮಾಡಿ, ಗಾಳಿಯ ವ್ಯವಸ್ಥೆ ಸರಿಯಿದ್ದರೆ ತೊಂದರೆಯಿಲ್ಲ ಎಂದಿತು. ಆದರೂ ನ್ಯಾಷನಲ್ ಗ್ಯಾಲರಿ ಹಗಲನ್ನೇ ನೆಚ್ಚಿ ಕೂತಿತು. ಅಲ್ಲಿಗೆ ವಿದ್ಯುದ್ದೀಪ ಬಂದದ್ದು 1935ರಲ್ಲಿ.

ಚಿತ್ರಗಳ ರಕ್ಷಣೆ ಬೇಡ ಎಂದು ನಾನು ಹೇಳುತ್ತಿಲ್ಲ. ಬಿಸಿಲೂ ಬಣ್ಣ ತಿನ್ನುತ್ತೆ. ಅದಕ್ಕೇ ಇಂದು ಜಲವರ್ಣ ಚಿತ್ರಗಳಿಗೆ ಸುಮಾರು 50 ಲಕ್ಸ್ ಬೆಳಕು ಸಾಕೆನ್ನುತ್ತಾರೆ. ಗಾಜಿಗೆ ಶೋಧಕ ಹಾಕಿ, ಪರದೆ ಇಳಿಬಿಡುತ್ತಾರೆ. ಬಣ್ಣದ ಆಯಸ್ಸಿಗೆ ಇಷ್ಟೆಲ್ಲ ಲೆಕ್ಕ ಹಾಕುವವರು ದುಡಿಯುವವರ ಬಿಡುವಿನ ಲೆಕ್ಕವನ್ನೂ ಹಾಕಲಿ. ಹಗಲಿಗೆ ಮಾತ್ರ ಕಟ್ಟಿದ ಚಿತ್ರಶಾಲೆ ಹಗಲು ಬಿಡುವಿದ್ದವರ ಸ್ವತ್ತು.

ಮೇಷ್ಟ್ರುಗಳೇ, ಮಕ್ಕಳನ್ನು ಚಿತ್ರಶಾಲೆಗೆ ಕರೆದೊಯ್ದರೆ ಮೊದಲು ಚಾವಣಿ ತೋರಿಸಿ, ಬೆಳಕು ಹೇಗೆ ಇಳಿಯುತ್ತೆ ಹೇಳಿ. ಆಮೇಲೆ ಬಾಗಿಲ ಹಲಗೆಯ ಮೇಲಿನ ವೇಳೆ ಓದಿಸಿ. ಅವರ ಅಪ್ಪ ಅವ್ವ ಆ ಹೊತ್ತಿಗೆ ಬರಬಲ್ಲರೇ, ಕೇಳಿ.