ಕಲ್ಪಿತ ರೆಜಿಮೆಂಟಿನ ಚರಿತ್ರೆ: ‘ಹ್ಯಾಮರ್ಸ್ ಸ್ಲ್ಯಾಮರ್ಸ್’ ಕುರಿತು

ವೈಜ್ಞಾನಿಕ ಕಥಾಸಾಹಿತ್ಯದಲ್ಲಿ ಸೇನೆಗಳಿಗೆ ಕೊರತೆಯಿಲ್ಲ. ತನ್ನ ಚರಿತ್ರೆಯನ್ನು ತಾನೇ ಹೊತ್ತು ಬರುವ ಸೇನೆ ಅಪರೂಪ. ಅಮೆರಿಕದ ಲೇಖಕ ಡೇವಿಡ್ ಡ್ರೇಕ್ ಅವರ ‘ಹ್ಯಾಮರ್ಸ್ ಸ್ಲ್ಯಾಮರ್ಸ್’ (1979) ಸಂಕಲನದ ಬಾಡಿಗೆ ರೆಜಿಮೆಂಟು ಅಂಥದು. ಕಥೆಗಳ ನಡುನಡುವೆ ಅವರು ಸಣ್ಣ ಪ್ರಬಂಧಗಳನ್ನು ಇರಿಸಿದ್ದಾರೆ. ಟ್ಯಾಂಕುಗಳ ವಿಕಾಸ, ಆಯುಧಗಳ ತತ್ತ್ವ, ಬಾಡಿಗೆ ಸೈನ್ಯಗಳ ಕರಾರುಗಳನ್ನು ಜಾರಿಗೊಳಿಸುವ ಸಂಸ್ಥೆ ಮೊದಲಾದವು ಅಲ್ಲಿ ಭಾವೀ ಇತಿಹಾಸಕಾರನೊಬ್ಬನ ನಿರ್ಲಿಪ್ತ ಧಾಟಿಯಲ್ಲಿ ನಿರೂಪಿತವಾಗಿವೆ.

ಇವನ್ನು ಕೇವಲ ಪೂರಕ ಸಾಮಗ್ರಿಯೆಂದು ಭಾವಿಸಿ ಮುಂದೆ ಸಾಗುವುದು ಸುಲಭ. ನಾವು ಹಾಗೆ ಓದಲಾರೆವು. ಪ್ರಬಂಧದಲ್ಲಿ ಕರಾರಿನ ಷರತ್ತಾಗಿ ಕಾಣುವುದೇ ಕಥೆಯಲ್ಲಿ ಸುಟ್ಟ ಊರಾಗಿ ಎದುರಾಗುತ್ತದೆ. ಮೊದಲು 1974ರಲ್ಲಿ ಪ್ರಕಟವಾದ ‘ದಿ ಬುಚರ್ಸ್ ಬಿಲ್’ ಕಥೆಯಲ್ಲಿ ಗೆಲುವಿನ ಬೆಲೆಯಾಗಿ ನಾಶವಾಗುವುದು ಮಾನವಪೂರ್ವ ನಾಗರಿಕತೆಯೊಂದರ ಅವಶೇಷ. ಸ್ವಂತ ಚರಿತ್ರೆಯುಳ್ಳ ಪಡೆ ಇನ್ನೊಂದು ಚರಿತ್ರೆಯನ್ನು ಅಳಿಸುತ್ತದೆ. ಪ್ರಬಂಧಗಳ ತಣ್ಣನೆಯ ಗದ್ಯ ಇಂಥಲ್ಲಿ ಅಸಹನೀಯವಾಗುತ್ತದೆ, ಆಗಬೇಕಾದದ್ದೂ ಹಾಗೆಯೇ.

ಕೃತಿಯ ಮಿತಿಯೂ ಇಲ್ಲಿಯೇ ಇದೆ. ಡ್ರೇಕ್ 1970ರಲ್ಲಿ ವಿಯೆಟ್ನಾಂ ಮತ್ತು ಕಾಂಬೋಡಿಯಗಳಲ್ಲಿ ಅಮೆರಿಕದ 11ನೆಯ ಆರ್ಮರ್ಡ್ ಕ್ಯಾವಲ್ರಿ ರೆಜಿಮೆಂಟಿನೊಡನೆ ಇದ್ದವರು. ಅಲ್ಲಿ ಅವರ ಕೆಲಸ ಸೆರೆಯಾಳುಗಳ ವಿಚಾರಣೆ. ಎದುರಾಳಿಯ ಮಾತನ್ನು ಆಲಿಸುವುದೇ ಆ ವೃತ್ತಿ. ಆದರೂ ಈ ಸಂಕಲನದಲ್ಲಿ ಸೋತವರ ಬಾಯಿಂದ ಬಂದ ಪ್ರಬಂಧ ಒಂದೂ ಇಲ್ಲ. ಯುದ್ಧವನ್ನು ಡ್ರೇಕ್ ವೈಭವೀಕರಿಸಿದರೆಂಬ ಆಕ್ಷೇಪಕ್ಕಿಂತ ಈ ಮೌನವೇ ನಮಗೆ ಹೆಚ್ಚು ಗಂಭೀರವಾದ ಪ್ರಶ್ನೆಯಾಗಿ ತೋರುತ್ತದೆ.