ಮಗು ತನ್ನಷ್ಟಕ್ಕೆ ಆಡುವ ಮಾತು

ಸಂಘದ ವಾಚನಾಲಯದಲ್ಲಿ ಭಾನುವಾರ ಬೆಳಿಗ್ಗೆ ಸೇರುವ ನಾವು ನಾಲ್ಕಾರು ಮಂದಿ ಮಕ್ಕಳ ವಿಷಯ ಎತ್ತಿದೆವೆಂದರೆ ಚರ್ಚೆ ಕೊನೆಗೆ ಒಂದೇ ಕಡೆ ಹೋಗಿ ನಿಲ್ಲುತ್ತದೆ: ಮನೆಯಲ್ಲಿ ಕನ್ನಡವೋ, ಇಂಗ್ಲಿಷೋ? ನನ್ನ ಮೊಮ್ಮಗನಿಗೆ ನಾಲ್ಕು ತುಂಬಿದಾಗ ಅವನ ಶಾಲೆಯವರು ಸೊಸೆಯನ್ನು ಕರೆಸಿ, ಮಗುವಿಗೆ ಭಾಷೆಗಳು ಹೆಚ್ಚಾಗಿ ಗಲಿಬಿಲಿಯಾಗುತ್ತಿದೆ, ಮನೆಯಲ್ಲೂ ಇಂಗ್ಲಿಷನ್ನೇ ಆಡಿ ಎಂದರು. ಎರಡು ವಾರ ಹಾಗೆಯೇ ನಡೆಯಿತು. ಅಜ್ಜಿಗೆ ಇಂಗ್ಲಿಷ್ ಬಾರದು. ಆ ಎರಡು ವಾರ ಅವಳು ಮೊಮ್ಮಗನಿಗೆ ಊಟ ಬಡಿಸಿದಳು, ತಲೆ ಬಾಚಿದಳು, ಮಾತು ಮಾತ್ರ ಹೆಚ್ಚು ಆಡಲಿಲ್ಲ. ಆ ಬೇಸರದಲ್ಲಿಯೇ ನಾನು ಎರಡು ಹಳೆಯ ಪುಸ್ತಕಗಳನ್ನು ಮತ್ತೆ ಕೈಗೆತ್ತಿಕೊಂಡೆ.

ಒಂದು, ಸ್ವಿಟ್ಜರ್ಲೆಂಡಿನ ಝಾನ್ ಪಿಯಾಜೆ 1923ರಲ್ಲಿ ಪ್ರಕಟಿಸಿದ, ಮಗುವಿನ ಭಾಷೆ ಮತ್ತು ಆಲೋಚನೆಗಳನ್ನು ಕುರಿತ ಗ್ರಂಥ. ಇನ್ನೊಂದು, ರಷ್ಯದ ಲೆವ್ ವಿಗೋಟ್‌ಸ್ಕಿಯದು, ಆಲೋಚನೆ ಮತ್ತು ಮಾತಿನ ಸಂಬಂಧವನ್ನು ಕುರಿತದ್ದು. ಇಬ್ಬರೂ ಹುಟ್ಟಿದ್ದು 1896ರಲ್ಲಿ. ಪಿಯಾಜೆ 1980ರವರೆಗೆ ಬಾಳಿ ಬರೆಯುತ್ತಲೇ ಇದ್ದರು. ವಿಗೋಟ್‌ಸ್ಕಿ 1934ರಲ್ಲಿ, 37ನೆಯ ವಯಸ್ಸಿಗೇ ಕ್ಷಯದಿಂದ ತೀರಿಕೊಂಡರು. ಪುಸ್ತಕ ಹೊರಬಂದದ್ದು ಅವರು ಹೋದ ಮೇಲೆ. ಮಗುವಿನ ಬೆಳವಣಿಗೆಯ ಬಗ್ಗೆ ಫ್ರಾಯ್ಡ್, ಎರಿಕ್‌ಸನ್, ಸ್ಕಿನ್ನರ್, ಬೌಲ್ಬಿ ಎಂದು ಹೆಸರುಗಳಿಗೇನೂ ಕೊರತೆಯಿಲ್ಲ. ಬಿ.ಎಡ್. ಪಾಸಾದವರೆಲ್ಲ ಅವನ್ನು ಬಾಯಿಪಾಠ ಒಪ್ಪಿಸಬಲ್ಲರು. ನಮ್ಮಂಥ ಪರಊರಿನ ಸಂಸಾರಗಳ ಪ್ರಶ್ನೆಗೆ ನೇರವಾಗಿ ತಾಗುವುದು ಮಾತ್ರ ಈ ಇಬ್ಬರ ನಡುವಿನ ಜಗಳವೇ.

ಪಿಯಾಜೆಯ ದೊಡ್ಡತನವನ್ನು ಮೊದಲು ಒಪ್ಪಿಕೊಳ್ಳಬೇಕು. ಪ್ಯಾರಿಸ್ಸಿನಲ್ಲಿ ಮಕ್ಕಳ ಬುದ್ಧಿಪರೀಕ್ಷೆಯ ಕೆಲಸಕ್ಕೆಂದು ಕೂತಾಗ ಅವರ ಗಮನ ಹೋದದ್ದು ಸರಿಯುತ್ತರಗಳ ಮೇಲಲ್ಲ, ತಪ್ಪುತ್ತರಗಳ ಮೇಲೆ. ಮಗು ದೊಡ್ಡವರಿಗಿಂತ ಕಡಿಮೆ ತಿಳಿದದ್ದಷ್ಟೇ ಅಲ್ಲ, ಬೇರೆ ರೀತಿಯಲ್ಲಿಯೇ ತಿಳಿಯುತ್ತದೆ ಎಂಬುದನ್ನು ಅವರಷ್ಟು ಸಹನೆಯಿಂದ ತೋರಿಸಿದವರು ಬೇರೊಬ್ಬರಿಲ್ಲ. ಆದರೆ ಅವರು ಹೇಳಿದ ನಾಲ್ಕು ಘಟ್ಟಗಳು ಇಂದು ರೈಲ್ವೆ ವೇಳಾಪಟ್ಟಿಯಂತೆ ಬಳಕೆಯಾಗುತ್ತಿವೆ: ಎರಡಕ್ಕೆ ಇಲ್ಲಿ, ಏಳಕ್ಕೆ ಅಲ್ಲಿ, ಹನ್ನೊಂದಕ್ಕೆ ಮುಂದಿನ ನಿಲ್ದಾಣ. ಗಾಡಿ ತಡವಾಯಿತೆಂದರೆ ತಾಯಂದಿರಿಗೆ ನಿದ್ದೆಯಿಲ್ಲ.

ಆ ಘಟ್ಟಗಳನ್ನು ಅವರು ಕಂಡುಕೊಂಡ ಬಗೆಯಲ್ಲೇ ಒಂದು ದೋಷವಿದೆ. ಒಂದೇ ಸಂಖ್ಯೆಯ ಬಿಲ್ಲೆಗಳನ್ನು ಎರಡು ಸಾಲಾಗಿ ಜೋಡಿಸಿ, ಎರಡೂ ಸಮವೇ ಎಂದು ಕೇಳುತ್ತಾರೆ. ಸಮ ಎನ್ನುತ್ತದೆ ಮಗು. ಕಣ್ಣೆದುರೇ ಒಂದು ಸಾಲನ್ನು ಅಗಲಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಾರೆ. ಐದು ವರ್ಷದ ಮಗು ಉದ್ದನೆಯ ಸಾಲಿನಲ್ಲಿ ಹೆಚ್ಚಿವೆ ಎನ್ನುತ್ತದೆ. ನಮ್ಮ ಮನೆಗಳಲ್ಲಿ ಹಿರಿಯರು ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರೆ ಮೊದಲ ಉತ್ತರ ತಪ್ಪೆಂದೇ ಅರ್ಥವಲ್ಲವೆ? ಎಡಿನ್‌ಬರೋದ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಅವರ ಸಂಗಡಿಗರು ಈ ಸಂಶಯವನ್ನೇ ಹಿಡಿದರು. ಸಾಲನ್ನು ಕೆಡಿಸುವ ಕೆಲಸವನ್ನು ಒಂದು ತುಂಟ ಕರಡಿಗೊಂಬೆಗೆ ವಹಿಸಿದಾಗ ಸರಿಯುತ್ತರ ಕೊಟ್ಟ ಮಕ್ಕಳ ಸಂಖ್ಯೆ ಬಹಳ ಏರಿತು. ಮಗು ಬಿಲ್ಲೆಗಳನ್ನಷ್ಟೇ ನೋಡುತ್ತಿರಲಿಲ್ಲ, ಕೇಳುವವರ ಮುಖವನ್ನೂ ನೋಡುತ್ತಿತ್ತು. 1978ರಲ್ಲಿ ಬಂದ ಡೊನಾಲ್ಡ್‌ಸನ್ನರ ಪುಸ್ತಕ ಇಂದಿಗೂ ಓದಲು ಸೊಗಸಾಗಿದೆ.

ಈಗ ಜಗಳದ ವಿಷಯ. ಪುಟ್ಟ ಮಕ್ಕಳು ಆಡುವಾಗ ಯಾರಿಗೂ ಅಲ್ಲದಂತೆ ತಮ್ಮಷ್ಟಕ್ಕೇ ಮಾತಾಡಿಕೊಳ್ಳುತ್ತವೆ. ಜಿನೀವಾದ ಶಾಲೆಯೊಂದರಲ್ಲಿ ಆರು ವರ್ಷದ ಇಬ್ಬರು ಹುಡುಗರ ಮಾತನ್ನು ಸುಮಾರು ಒಂದು ತಿಂಗಳು ಬರೆದಿಟ್ಟು ನೋಡಿದಾಗ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಇಂಥ ಮಾತೇ ಇತ್ತು. ಪಿಯಾಜೆ ಇದನ್ನು ಸ್ವಕೇಂದ್ರಿತ ಮಾತು ಎಂದರು. ಮಗುವಿಗೆ ಇನ್ನೊಬ್ಬರ ದೃಷ್ಟಿ ಇನ್ನೂ ದಕ್ಕಿಲ್ಲವೆಂಬುದಕ್ಕೆ ಇದು ಗುರುತು, ದೊಡ್ಡದಾದಂತೆ ತಾನೇ ಉದುರಿಹೋಗುತ್ತದೆ ಎಂಬುದು ಅವರ ವಾದ.

ಉದುರುವುದಿಲ್ಲ, ಒಳಗೆ ಇಳಿಯುತ್ತದೆ ಎಂದರು ವಿಗೋಟ್‌ಸ್ಕಿ. ಚಿತ್ರ ಬರೆಯುವ ಮಗುವಿಗೆ ಬೇಕಾದ ಬಣ್ಣದ ಪೆನ್ಸಿಲ್ ಇಲ್ಲದಂತೆ ಮಾಡಿದರೆ ಈ ಗೊಣಗಾಟ ಸುಮಾರು ಇಮ್ಮಡಿಯಾಗುತ್ತಿತ್ತು. ಐದೂವರೆ ವರ್ಷದ ಹುಡುಗನೊಬ್ಬ ಟ್ರಾಮ್ ಬರೆಯುತ್ತಿದ್ದಾಗ ಪೆನ್ಸಿಲ್ ಮುರಿಯಿತು. ಮುರಿದುಹೋಯಿತು ಎಂದು ತನಗೆ ತಾನೇ ಹೇಳಿಕೊಂಡು ಅದನ್ನು ಪಕ್ಕಕ್ಕಿಟ್ಟು, ನೀರ್ಬಣ್ಣದಲ್ಲಿ ಅಪಘಾತವಾಗಿ ಮುರಿದ ಟ್ರಾಮನ್ನೇ ಬರೆದ. ಮಾತು ಕೆಲಸದ ದಾರಿಯನ್ನೇ ಬದಲಿಸಿತು. ಹೊರಗಿನಿಂದ ಬಂದ ಮಾತು ಮೊದಲು ಗಟ್ಟಿಯಾಗಿ, ಆಮೇಲೆ ಪಿಸುದನಿಯಲ್ಲಿ, ಕೊನೆಗೆ ಒಳಮಾತಾಗಿ ಆಲೋಚನೆಯೇ ಆಗುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಪ್ರಯೋಗ. ಮಗುವನ್ನು ಕಿವಿ ಕೇಳದ ಮಕ್ಕಳ ನಡುವೆ, ಇಲ್ಲವೇ ತಿಳಿಯದ ಭಾಷೆ ಆಡುವ ಮಕ್ಕಳ ನಡುವೆ ಕೂರಿಸಿದರು. ತನ್ನಷ್ಟಕ್ಕೆ ಆಡುವ ಆ ಮಾತು ಬಹುಪಾಲು ಮಕ್ಕಳಲ್ಲಿ ನಿಂತೇಹೋಯಿತು. ಕೇಳುವವರಿಗೆ ತಿಳಿದೀತು ಎಂಬ ನಂಬಿಕೆ ಇದ್ದರೆ ಮಾತ್ರ ಮಗು ತನ್ನೊಡನೆಯೂ ಮಾತಾಡಿಕೊಳ್ಳುತ್ತದೆ. ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಅಡುಗೆಮನೆಯ ಆ ಎರಡು ವಾರಗಳ ಮೌನ. ಆಗ ಹುಡುಗನೂ ಆಟದ ಮಧ್ಯೆ ಸುಮ್ಮನಿರುತ್ತಿದ್ದ. ಶಿಸ್ತು ಬಂತು ಎಂದು ನಾವು ಹಿಗ್ಗಿದ್ದೆವು!

ವಿಗೋಟ್‌ಸ್ಕಿಯಲ್ಲಿ ಕೊರತೆ ಇಲ್ಲವೆಂದಲ್ಲ. ಪ್ರಯೋಗಗಳ ವಿವರ ಅವಸರದ್ದು, ಎಷ್ಟು ಮಕ್ಕಳು, ಎಷ್ಟು ಹೊತ್ತು ಎಂಬ ಲೆಕ್ಕ ಸಾಲದು. ಓದು ಬರಹ ಬಾರದವರ ಯೋಚನೆಯನ್ನು ಕೆಳಗಿನ ಮೆಟ್ಟಿಲೆಂದು ನೋಡುವ ಚಾಳಿಯೂ ಆ ಗುಂಪಿನಲ್ಲಿತ್ತು. 1931-32ರಲ್ಲಿ ಅವರ ಗೆಳೆಯ ಲೂರಿಯಾ ಉಜ್ಬೆಕಿಸ್ತಾನದ ರೈತರ ನಡುವೆ ನಡೆಸಿದ ಪ್ರಶ್ನೋತ್ತರಗಳನ್ನು ಓದಿದರೆ ಇದು ಕಾಣುತ್ತದೆ. ನಮ್ಮ ಅಜ್ಜಿಯರು ಆ ಪರೀಕ್ಷೆಗೆ ಕೂತಿದ್ದರೆ ಎಷ್ಟು ಅಂಕ ಪಡೆಯುತ್ತಿದ್ದರೋ! ಆದರೂ ಒಟ್ಟಿನಲ್ಲಿ ನನ್ನ ಮತ ಅವರ ಕಡೆಗೇ. ಪಿಯಾಜೆಯ ಮಗು ಒಂಟಿಯಾಗಿ ಕೂತು ಲೋಕವನ್ನು ಕಂಡುಹಿಡಿಯುತ್ತದೆ. ವಿಗೋಟ್‌ಸ್ಕಿಯ ಮಗುವಿನ ಪಕ್ಕದಲ್ಲಿ ಯಾರಾದರೂ ಇದ್ದೇ ಇರುತ್ತಾರೆ.

ಶಾಲೆಯವರ ಗಲಿಬಿಲಿಯ ವಾದಕ್ಕೂ ಒಂದು ವಂಶಾವಳಿಯಿದೆ. ವೇಲ್ಸ್ ಪ್ರಾಂತದ ಮಕ್ಕಳ ಮೇಲೆ ನಡೆದು 1923ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಎರಡು ಭಾಷೆಯ ಮಕ್ಕಳು ಹಿಂದುಳಿದಿದ್ದಾರೆ ಎಂದಿತು. ಅಂಥ ಪರೀಕ್ಷೆಗಳು ಬಡತನ, ಹಳ್ಳಿ, ಪರೀಕ್ಷೆಯ ಭಾಷೆ ಇವನ್ನು ಸರಿಯಾಗಿ ತೂಗಿರಲಿಲ್ಲ. 1962ರಲ್ಲಿ ಮಾಂಟ್ರಿಯಲ್‌ನಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಹತ್ತು ವರ್ಷದ ಮಕ್ಕಳಲ್ಲಿ ಇದಕ್ಕೆ ವಿರುದ್ಧವಾದದ್ದನ್ನೇ ಕಂಡರು. ಹಾಗೆಂದು ಎರಡು ಭಾಷೆಯಿಂದ ಬುದ್ಧಿ ಹರಿತವಾಗುತ್ತದೆಂದು ಡಂಗುರ ಸಾರುವುದೂ ಬೇಡ, ಇತ್ತೀಚಿನ ಅಧ್ಯಯನಗಳು ಆ ಲಾಭವನ್ನೂ ಸಂಶಯದಿಂದಲೇ ನೋಡುತ್ತಿವೆ. ಒಂದೊಂದು ಭಾಷೆಯಲ್ಲಿ ಶಬ್ದ ಸ್ವಲ್ಪ ಕಡಿಮೆ ಇರಬಹುದು, ಎರಡನ್ನೂ ಕೂಡಿಸಿ ಎಣಿಸಿದರೆ ನಷ್ಟವಿಲ್ಲ. ಫ್ರಾನ್ಸಿನ ರೋಂಝಾ ತನ್ನ ಮಗನೊಡನೆ ತಾನು ಫ್ರೆಂಚ್, ಹೆಂಡತಿ ಜರ್ಮನ್ ಆಡುತ್ತ ಅವನ ಮಾತಿನ ಬೆಳವಣಿಗೆಯನ್ನು ಬರೆದು 1913ರಲ್ಲೇ ಪ್ರಕಟಿಸಿದ್ದ. ಹುಡುಗನಿಗೆ ಯಾವ ಗಲಿಬಿಲಿಯೂ ಆಗಲಿಲ್ಲ.

ಸೊಸೆ ಮತ್ತೆ ಶಾಲೆಗೆ ಹೋಗಿ ಮಾತಾಡಿ ಬಂದಳು. ಅವರು ಒಪ್ಪಿದಂತೆ ಕಾಣಲಿಲ್ಲ. ಮನೆಯಲ್ಲಿ ಮಾತ್ರ ಅಜ್ಜಿಯ ಕನ್ನಡ ಮರಳಿತು. ಈಗ ಹುಡುಗ ಮರದ ತುಂಡುಗಳಿಂದ ಸೇತುವೆ ಕಟ್ಟುವಾಗ ಬೀಳ್ತದೆ, ಬೀಳ್ತದೆ ಎಂದು ಕನ್ನಡದಲ್ಲಿ ಗೊಣಗುತ್ತಾನೆ, ಎಣಿಸುವುದು ಇಂಗ್ಲಿಷಿನಲ್ಲಿ, ಗಾಡಿಯನ್ನು ಗದರಿಸುವುದು ಹಿಂದಿಯಲ್ಲಿ.

ಓದಬಯಸುವವರಿಗೆ ಒಂದು ಸೂಚನೆ. ವಿಗೋಟ್‌ಸ್ಕಿಯ 1962ರ ಇಂಗ್ಲಿಷ್ ಅನುವಾದ ಬಹಳ ಮೊಟಕು. 1987ರದು ಪೂರ್ಣಪಾಠ, ಸಿಕ್ಕರೆ ಅದನ್ನೇ ಓದಿ. ಆದರೆ 1962ರ ಪ್ರತಿಯ ಜೊತೆಗೆ ಪಿಯಾಜೆ ಬರೆದುಕೊಟ್ಟ ಟಿಪ್ಪಣಿಯೊಂದು ಬಂತು. ತೀರಿಹೋದ ಎದುರಾಳಿಗೆ ಹಲವು ವರ್ಷಗಳ ಮೇಲೆ ಕೊಟ್ಟ ಉತ್ತರ ಅದು. ಒಳಮಾತಿನ ವಿಷಯದಲ್ಲಿ ಬಹುಮಟ್ಟಿಗೆ ಒಪ್ಪಿ, ಸ್ವಕೇಂದ್ರಿತತೆಯ ವಿಷಯದಲ್ಲಿ ತನ್ನ ಪಟ್ಟು ಬಿಡದೆ ಬರೆದ ಆ ಪುಟಗಳಿಗಾಗಿ ಹಳೆಯ ಪ್ರತಿಯನ್ನೂ ಹುಡುಕಬಹುದು.